ಅನಿತನ ಹುಳುಮನೆಯ ಕ್ಯಾಮೆರಾ

ನನಗೆ ಹೊಟ್ಟೆಕಿಚ್ಚು ಅಂತ ಯಾರಾದ್ರೂ ಅಂದ್ರೆ ನಾನು ಇಲ್ಲ ಅನ್ನಲ್ಲ. ಇದೆ. ಇರೋದಕ್ಕೆ ಕಾರಣಾನೂ ಇದೆ. ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ಅನಿತ ನನ್ನ ಓರಗಿತ್ತಿ, ಮೈದುನ ಅಮರನಾಥನ ಹೆಂಡ್ತಿ. ಹುತ್ತೂರು ಪಕ್ಕದ ನಮ್ಮೂರಲ್ಲಿ ನಮ್ಮಿಬ್ಬರ ಮನೆ ಎದುರುಬದುರು, ನಡುವೆ ಒಂದೇ ಅಂಗಳ. ಮಾಲೂರು ಪೇಟೆಯಿಂದ ಮದುವೆಯಾಗಿ ಬಂದಾಗ ಅವಳಿಗೆ ರೇಷ್ಮೆ ಹುಳು ಅಂದ್ರೆ ಅಸಹ್ಯ. ಮುಟ್ಟು ಅಂದ್ರೆ ಸೆರಗಿನ ತುದೀಲಿ ಹಿಡಿಯೋಳು. ಸೊಪ್ಪು ಹೆಂಗೆ ಹರಡಬೇಕು, ಹುಳು ಪೊರೆ ಬಿಡೋಕೆ ಜ್ವರಕ್ಕೆ ಕೂತಾಗ ಹೆಂಗೆ ಸುಮ್ನಿರಬೇಕು, ಹಣ್ಣಾದ ಹುಳು ಯಾವುದು ಅಂತ ಹೆಂಗೆ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆ ಮೇಲೆ ಬಿಡಬೇಕು, ಇದನ್ನೆಲ್ಲ ಕೈ ಹಿಡಿದು ಕಲಿಸಿದ್ದು ಯಾರು? ಈ ಸುನಂದ. ಈಗ ನೋಡಿ. ನನ್ನ ಹುಳು ಮೇಲಿಂದ ಮೇಲೆ ಎರಡು ಬೆಳೆ ಸಪ್ಪೆರೋಗ ಬಂದು ಕೊಳೆತು ಹೋದ್ವು. 'ಸಾಕು ಬಿಡೇ' ಅಂತ ನಮ್ಮ ಯಜಮಾನ್ರು ಸೀಮೆಹಸು ತಂದು ಕಟ್ಟಿದ್ರು. ನನ್ನ ಹುಳುಮನೇಲಿ ಬೂಸಾ ಮೂಟೆ ಬಿದ್ದಿವೆ. ಅವಳ ಹುಳುಮನೆ ನೋಡೋಕೆ ಮುಳಬಾಗಿಲಿಂದ, ಶ್ರೀನಿವಾಸಪುರದಿಂದ ಜನ ಬರ್ತಾರೆ. ಬಾಗಿಲಲ್ಲಿ ನಿಂತು ವಿವರಿಸ್ತಾಳೆ, ನಾನು ಹೇಳಿಕೊಟ್ಟ ಮಾತುಗಳನ್ನೇ. ಒಂದ್ಸಲಾನೂ ನನ್ನ ಹೆಸರು ಆ ಬಾಯಲ್ಲಿ ಬಂದಿಲ್ಲ.

ಇದನ್ನೆಲ್ಲಾ ಹೆಂಗೋ ನುಂಗಿಕೊಂಡಿದ್ದೆ. ಇಂಟರ್ನೆಟ್ ಬಂತು ನೋಡಿ, ಅದು ಮಾತ್ರ ಗಂಟಲಲ್ಲೇ ನಿಂತುಹೋಯ್ತು.

ಅನಿತನಿಗೆ ಹುಳುಮನೇಲಿ ಕ್ಯಾಮೆರಾ ಬೇಕಂತೆ, ಅದಕ್ಕೆ ಲೈನ್ ಬೇಕಂತೆ. ನಾವೂ ಬೇರೆ ಲೈನ್ ಹಾಕಿಸೋಣ ಅಂತ ನಾನು ಬಾಯಿ ತೆಗೆಯೋಕೆ ಮುಂಚೆ ನಮ್ಮತ್ತೆ ಅಕ್ಕಯಮ್ಮ ಅಡ್ಡ ಬಂದ್ರು. ಮಂಡಿ ನೋವು ಅಂತ ಅವರು ಇರೋದು ನಮ್ಮನೇಲೇ. "ಒಂದೇ ಬಾವಿ ನೀರು ಎರಡು ಮನೆ ಕುಡಿದಿಲ್ವಾ, ಇದಕ್ಯಾಕೆ ಎರಡು?" ಅಂದ್ರು. ಯಜಮಾನ್ರು ತಲೆ ಆಡಿಸಿದ್ರು.

ಕೋಲಾರದಿಂದ ವೆಂಕಟ್ ಅನ್ನೋನು ಬಂದ. ಕಂಬದಿಂದ ಎಳೆದ ತಂತಿ ಮೊದಲು ಹೋಗಿದ್ದು ಅನಿತನ ನಡುಮನೆಗೆ. ಅಲ್ಲೊಂದು ದೊಡ್ಡ ರೂಟರ್ ಡಬ್ಬಿ. ಅಲ್ಲಿಂದ ಒಂದು ತಂತಿ ಅವಳ ಹಿತ್ತಲಿನ ಹುಳುಮನೆಗೆ, ಇನ್ನೊಂದು ಅಂಗಳದ ಮೇಲೆ, ಬಟ್ಟೆ ಒಣಗಿಸೋ ತಂತಿ ಪಕ್ಕದಲ್ಲೇ ನಮ್ಮನೆಗೆ. ನಮ್ಮನೇಲಿ ಸಣ್ಣ ಡಬ್ಬಿ.

"ದೊಡ್ಡದನ್ನ ನಮ್ಮನೇಲಿಟ್ಟು ಸಣ್ಣದನ್ನ ಅವರಿಗೆ ಕೊಡೋಕಾಗಲ್ವೇನಪ್ಪ?" ಅಂತ ಕೇಳಿದೆ.

"ಹುಳುಮನೆ ಆ ಕಡೆ ಇದೆಯಲ್ಲಮ್ಮ. ಸ್ಪೀಡ್ ಎರಡು ಕಡೆನೂ ಒಂದೇ ಬರ್ತದೆ."

"ಸ್ಪೀಡ್ ಯಾರು ಕೇಳಿದ್ರು?" ಅಂದೆ. ಅವನು ನಕ್ಕ. ನಾನು ತಮಾಷೆಗೆ ಅಂದಿರಲಿಲ್ಲ.

ಆ ವೈಫೈಗೊಂದು ಹೆಸರಿಡಬೇಕಂತೆ. ಅನಿತ ಮುಂದೆ ನಿಂತು 'ಅನಿತಾ ಹೋಮ್' ಅಂತ ಇಡಿಸಿದಳು. ನಮ್ಮ ಡಬ್ಬಿಗಾದ್ರೂ ನಮ್ಮ ಹೆಸರಿಡು ಅಂದ್ರೆ, ಎರಡಕ್ಕೂ ಒಂದೇ ಹೆಸರಿದ್ರೆ ಅಂಗಳದಲ್ಲಿ ಓಡಾಡುವಾಗ ಫೋನ್ ತಾನಾಗೇ ಹಿಡ್ಕೊಳ್ತದೆ, ಒಳ್ಳೇದು ಅಂತ ವೆಂಕಟ್ ಹೇಳಿದ. ಒಳ್ಳೇದೇ. ನನ್ನ ಅಡುಗೆಮನೇಲಿ, ನನ್ನ ಒಲೆ ಮುಂದೆ ನಿಂತು ನನ್ನ ಫೋನ್ ತೆಗೆದ್ರೆ ಅವಳ ಹೆಸರು. ಸಾಸಿವೆ ಸಿಡಿಯೋದಕ್ಕಿಂತ ಜೋರಾಗಿ ನಾನು ಸಿಡೀತಿದ್ದೆ. "ಪೋನೀಲೇ ಸುನಂದಾ, ಹೋಗ್ಲಿ ಬಿಡು" ಅಂತ ಅತ್ತೆ ಅಂತಿದ್ರು. ಅವರಿಗೇನು.

ಆಮೇಲೆ ಈ ಬೆಳೆ ಶುರುವಾಯ್ತು. ಹುಳು ನಾಲ್ಕನೇ ಜ್ವರ ಎದ್ದು ದೊಡ್ಡದಾಗಿ ಮೇಯೋಕೆ ಹತ್ತಿದ ದಿನ ಅನಿತ ನಮ್ಮ ಜಗಲಿಗೆ ಬಂದು, "ಅಕ್ಕ, ಹುಳು ಕೊನೇ ಹಂತಕ್ಕೆ ಬಂದಿದೆ. ಇನ್ನು ಹೊರಗಿನವರು ಯಾರೂ ಒಳಗೆ ಬರೋದು ಬೇಡ, ಬೇಜಾರು ಮಾಡ್ಕೋಬೇಡಿ" ಅಂದಳು. ಹೊರಗಿನವರು ಅಂದ್ರೆ ನಾನು. ಅದರ ಜೊತೆಗೆ ಹುಳುಮನೆ ಬಾಗಿಲಿಗೆ ಒಂದು ಬೂದುಗುಂಬಳಕಾಯಿ ಕಟ್ಟಿದಳು, ದೃಷ್ಟಿ ತಾಗದ ಹಾಗೆ. ಯಾರ ದೃಷ್ಟಿ ಅಂತ ಬಾಯಿಬಿಟ್ಟು ಹೇಳಲಿಲ್ಲ. ಊರಿಗೆಲ್ಲ ಗೊತ್ತಾಯ್ತು.

ಆದ್ರೆ ಅವಳೇ ಒಂದು ದಾರಿ ಬಿಟ್ಟಿದ್ದಳು. ಅತ್ತೆ ನಡೆಯೋಕಾಗಲ್ಲ, ಕೂತಲ್ಲೇ ಹುಳು ನೋಡ್ಲಿ ಅಂತ ಅವರ ಫೋನಿಗೂ ಕ್ಯಾಮೆರಾ ಹಾಕಿಕೊಟ್ಟಿದ್ದಳು. ಅತ್ತೆ ಊಟ ಮಾಡಿ ಮಲಗಿದ್ರೆ ಕಾಫಿ ಹೊತ್ತಿಗೇ ಏಳೋದು. ಫೋನ್ ದಿಂಬಿನ ಪಕ್ಕದಲ್ಲಿರ್ತಿತ್ತು. ದಿನಾ ಮಧ್ಯಾಹ್ನ ಅದನ್ನ ತಗೊಂಡು ಜಗಲಿಗೆ ಬಂದು ಕೂರ್ತಿದ್ದೆ. ಬಾಗಿಲಿಗೆ ಕಟ್ಟಿದ ಕುಂಬಳಕಾಯಿ ಬಾಗಿಲು ಕಾಯ್ತದೆ. ತಂತೀಲಿ ಹೋಗೋ ಕಣ್ಣನ್ನ ಅದು ಹೆಂಗೆ ತಡೀತದೆ?

ಎಷ್ಟು ಚೆನ್ನಾಗಿದ್ವು ಗೊತ್ತಾ ಆ ಹುಳು. ಒಂದೇ ಸಮ, ಬೆರಳು ಗಾತ್ರ, ಹಾಲಿನ ಬಣ್ಣ. ಮೇಯೋ ಸದ್ದು ಫೋನಲ್ಲೂ ಕೇಳೋದು, ಸಣ್ಣ ಮಳೆ ಬಿದ್ದಂಗೆ. ನನ್ನ ಕೈಯಲ್ಲಿ ಒಂದು ಬೆಳೇನೂ ಹಂಗೆ ಬಂದಿರಲಿಲ್ಲ. ನೋಡಿದಷ್ಟೂ ಉರಿಯೋದು, ಉರಿದಷ್ಟೂ ನೋಡೋಳು. ಬಾಗಿಲ ಪಕ್ಕದ, ಹುಳು ಮೇಯೋ ಸ್ಟ್ಯಾಂಡ್ ಅರ್ಧ ಮಾತ್ರ ಕಾಣೋದು, ಅದಕ್ಕೂ ಸಿಟ್ಟು ಬರೋದು. ಮೇಲೆ ಮೂಲೇಲಿ ಒಂದು ಸಣ್ಣ ಕಣ್ಣಿನ ಗುರುತು, ಪಕ್ಕದಲ್ಲಿ ಒಂದು ಅಂತ ಅಂಕಿ, ಒಂದೊಂದ್ಸಲ ಎರಡು. ಏನೋ ಕಂಪನಿಯವರ ಗುರುತು ಅಂದ್ಕೊಂಡಿದ್ದೆ.

ಮೊನ್ನೆ ಅನಿತ, ಅಮರನಾಥ ಇಬ್ರೂ ಗೌನಿಪಲ್ಲಿಗೆ ಮದುವೆಗೆ ಹೋದ್ರು. ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿ, ಹುಳುಮನೆ ಬೀಗದ ಕೈನ ಅತ್ತೆ ಮಂಚದ ಮೇಲಿನ ಮೊಳೆಗೆ ತಗುಲಿಸಿ ಹೋದಳು. "ಏನಾದ್ರೂ ಆದ್ರೆ ಇರ್ಲಿ ಅತ್ತೆ" ಅಂದಳು. ನನ್ನ ಕಡೆ ನೋಡಲೇ ಇಲ್ಲ. ನಮ್ಮ ಯಜಮಾನ್ರು ಡೈರಿ ಕೆಲಸಕ್ಕೆ ಹೋಗಿದ್ರು.

ಮಧ್ಯಾಹ್ನ ಎಂದಿನ ಹಾಗೆ ಫೋನ್ ಹಿಡಿದು ಕೂತೆ. ಅಷ್ಟರಲ್ಲಿ ಹುಳುಮನೆ ಹಿಂದಿನ ಚನ್ನರಾಯಪ್ಪನ ಟೊಮೇಟೊ ತೋಟದಲ್ಲಿ ಮೋಟರ್ ಸದ್ದು ಶುರುವಾಯ್ತು. ಔಷಧಿ ಹೊಡೀತಿದ್ದ. ಟೊಮೇಟೊಗೆ ಹೊಡೆಯೋದು ರೇಷ್ಮೆ ಹುಳುವಿಗೆ ವಿಷ, ಗಾಳೀಲಿ ಒಂಚೂರು ಪಸೆ ಬಂದ್ರೂ ಸಾಕು, ಮನೆಪೂರ್ತಿ ಹುಳು ಸುರುಟಿಕೊಂಡು ಹೋಗ್ತವೆ. ಯಾವಾಗ್ಲೂ ಚನ್ನರಾಯಪ್ಪ ಮೊದಲೇ ಹೇಳೋನು, ಅನಿತ ಕಿಟಕಿ ಮುಚ್ಚೋಳು. ಅವತ್ತು ಮನೆಗೆ ಬೀಗ ನೋಡಿ, ಎಲ್ಲಾ ಮುಚ್ಚಿಕೊಂಡೇ ಹೋಗಿರ್ತಾರೆ ಅಂದ್ಕೊಂಡಿರಬೇಕು. ಫೋನಲ್ಲಿ ನೋಡ್ತೀನಿ, ತೋಟದ ಕಡೆ ಕಿಟಕಿ ಎರಡೂ ತೆಗೆದೇ ಇವೆ. ಸೊಳ್ಳೆಪರದೆ ಒಳಕ್ಕೆ ಉಬ್ಬಿಕೊಂಡಿದೆ. ಗಾಳಿ ಈ ಕಡೆಗೇ.

ನಾನು ಏನೂ ಮಾಡಬೇಕಾಗಿರಲಿಲ್ಲ. ಅದನ್ನ ಯೋಚನೆ ಮಾಡಿದೆ, ಸುಳ್ಳು ಹೇಳಲ್ಲ. ಸುಮ್ಮನೆ ಫೋನ್ ದಿಂಬಿನ ಪಕ್ಕ ಇಟ್ಟು ಮಲಗಿದ್ರೆ ಸಾಕಿತ್ತು. ಯಾರು ಕೇಳ್ತಿದ್ರು ನನ್ನ? ಒಳಗೆ ಬರಬೇಡಿ ಅಂದವಳು ಅವಳೇ. ಹೋದ್ರೆ ಕಿಟಕಿ ತೆಗೆದಿದ್ದು ನಿಂಗೆಂಗೆ ಗೊತ್ತಾಯ್ತು ಅಂತ ಕೇಳ್ತಾರೆ, ಕದ್ದು ನೋಡಿದ್ದು ಬಯಲಾಗ್ತದೆ. ಹುಳು ಸತ್ರೆ ಅವಳಿಗೂ ಗೊತ್ತಾಗ್ಲಿ, ಕೈಯಾರೆ ಸಾಕಿದ್ದನ್ನ ಗುದ್ದಲೀಲಿ ಬಾಚಿ ಗುಂಡಿಗೆ ಹಾಕೋದು ಹೆಂಗಿರ್ತದೆ ಅಂತ. ಮೋಟರ್ ಸದ್ದು ಒಂದು ಸಾಲು ಈ ಕಡೆಗೆ ಬಂತು.

ಫೋನಲ್ಲಿ ಹುಳು ಮೇಯ್ತಾನೇ ಇದ್ವು. ಎರಡು ಬೆಳೆ ನಾನು ಗುಂಡಿಗೆ ಹಾಕಿದ್ದೀನಿ. ಮೂರನೇದನ್ನ ನೋಡೋಕೆ ನನ್ನ ಕೈಲಾಗಲಿಲ್ಲ. ಅನಿತನ ಮೇಲಿನ ಪ್ರೀತಿಗಲ್ಲ, ಅದನ್ನ ಬರೆದಿಟ್ಟುಕೊಳ್ಳಿ.

ಬೀಗದ ಕೈ ಕಿತ್ತುಕೊಂಡು ಓಡಿದೆ. ಚನ್ನರಾಯಪ್ಪನ್ನ ಕೂಗಿದ್ರೆ ತಲೆಗೆ ಟವೆಲ್ ಸುತ್ತಿಕೊಂಡಿದ್ದಾನೆ, ಕೇಳಿಸ್ಲಿಲ್ಲ. ರೋಗ ಒಳಗೆ ಬರದಂಗೆ ಬಾಗಿಲಲ್ಲಿ ಹಾಕಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋಗಿ ಎರಡೂ ಕಿಟಕಿ ಎಳೆದು ಮುಚ್ಚಿದೆ, ಸಂದಿಗೆಲ್ಲ ಸೊಪ್ಪಿಗೆ ಮುಚ್ಚಿದ್ದ ಒದ್ದೆ ಗೋಣಿಚೀಲ ತುರುಕಿದೆ. ಕಿಟಕಿ ಪಕ್ಕದ ಸೊಪ್ಪೆಲ್ಲ ತೆಗೆದು ಆಚೆ ಎಸೆದು, ಒಳಗಿಟ್ಟಿದ್ದ ಹೊಸ ಸೊಪ್ಪು ಹಾಕಿದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಕಾದೆ. ಒಂದು ಹುಳುವೂ ತಲೆ ಎತ್ತಿ ಒದ್ದಾಡಲಿಲ್ಲ. ಮೇಯ್ತಾ ಇದ್ವು. ನನಗೆ ಅಳು ಬಂತು, ಯಾಕೆ ಅಂತ ಕೇಳಬೇಡಿ.

ಸಂಜೆ ಅನಿತ ಬಂದಳು. ಜರಿಸೀರೆ, ಮುಡಿ ತುಂಬ ಕನಕಾಂಬರ. ಮೊದಲು ಹುಳುಮನೆಗೆ ಹೋಗಿ ಬಂದು, ಆಮೇಲೆ ನಮ್ಮ ಜಗಲಿಯಲ್ಲಿ ಕೂತಳು. ಅವಳು ಕೇಳೋಕೆ ಮುಂಚೆ ನಾನೇ ಶುರು ಮಾಡಿದೆ. "ಚನ್ನರಾಯಪ್ಪ ಔಷಧಿ ಹೊಡೀತಿದ್ದ ಕಣೇ. ಅಂಗಳದಿಂದ ನೋಡಿದೆ, ಕಿಟಕಿ ತೆಗೆದಿತ್ತು."

"ಆ ಕಿಟಕಿ ಅಂಗಳಕ್ಕೆ ಕಾಣಲ್ವಲ್ಲ ಅಕ್ಕ" ಅಂದಳು, ನಿಧಾನವಾಗಿ.

ಅವಳು ತನ್ನ ಫೋನ್ ತೆಗೆದು ಆ ಕಣ್ಣಿನ ಗುರುತು ತೋರಿಸಿದಳು. "ಈಗ ಎಷ್ಟು ಜನ ನೋಡ್ತಿದ್ದಾರೆ ಅಂತ ಇದು ಹೇಳ್ತದೆ. ನಮ್ಮ ಮನೆಯವರದ್ದು ಬಟನ್ ಫೋನು. ಕ್ಯಾಮೆರಾ ಇರೋದು ನನ್ನ ಫೋನಲ್ಲಿ, ಅತ್ತೆ ಫೋನಲ್ಲಿ, ಅಷ್ಟೇ. ಮಧ್ಯಾಹ್ನ ಅತ್ತೆ ಮಲಗಿರ್ತಾರೆ. ಆದ್ರೂ ನಾನು ತೆಗೆದಾಗೆಲ್ಲ ಎರಡು ಇರ್ತದೆ."

"ಯಾವಾಗಿಂದ ಗೊತ್ತು ನಿಂಗೆ?"

"ಮೊದಲನೇ ದಿನದಿಂದ. ಅದಕ್ಕೇ ಅಲ್ವಾ ಧೈರ್ಯವಾಗಿ ಮದುವೆಗೆ ಹೋಗಿದ್ದು. ಇಲ್ಲಾಂದ್ರೆ ಈ ಹಂತದ ಹುಳು ಬಿಟ್ಟು ಯಾರಾದ್ರೂ ಹೋಗ್ತಾರಾ? ನನ್ನ ಹುಳುವನ್ನ ನಿಮ್ಮಷ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡೋರು ಈ ಊರಲ್ಲಿ ಇನ್ಯಾರಿದ್ದಾರೆ ಅಕ್ಕ?"

ಬೈದಿದ್ರೆ ತಡ್ಕೋತಿದ್ದೆ. ಕಾಲಿಗೆ ಬಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು. ನಾನು ಹೊಟ್ಟೇಲಿ ಬೆಂಕಿ ಇಟ್ಕೊಂಡು ಕೂತಿದ್ರೆ, ಇವಳು ಅದರಲ್ಲಿ ಚಳಿ ಕಾಯಿಸ್ಕೊಂಡಿದ್ದಾಳೆ. ಮೈಯೆಲ್ಲ ಉರಿದುಹೋಯ್ತು.

"ಕೊಡಿ ನಿಮ್ಮ ಫೋನು" ಅಂದಳು. "ಅತ್ತೇದು ಯಾಕೆ, ನಿಮ್ಮದಕ್ಕೇ ಹಾಕಿಕೊಡ್ತೀನಿ."

ಬೇಡ ಅನ್ನಬೇಕಿತ್ತು. ಮಾನ ಇದ್ದವಳು ಬೇಡ ಅಂತಿದ್ದಳು. ಕೊಟ್ಟೆ. ಅವಳು ಏನೇನೋ ಒತ್ತಿ ವಾಪಸ್ ಕೊಟ್ಟಳು. ನನ್ನ ಫೋನಲ್ಲಿ ಹುಳು ಮೇಯ್ತಿದ್ವು. ಕಣ್ಣಿನ ಪಕ್ಕ ಎರಡು ಅಂತ ಇತ್ತು. ಇಬ್ರೂ ಜಗಲಿ ಮೇಲೆ ಪಕ್ಕಪಕ್ಕ ಕೂತು ಸ್ವಲ್ಪ ಹೊತ್ತು ನೋಡಿದ್ವಿ.

"ಬಾಗಿಲ ಪಕ್ಕದ ಸ್ಟ್ಯಾಂಡ್ ಪೂರ್ತಿ ಕಾಣಲ್ಲ ಕಣೇ" ಅಂದೆ. "ಕ್ಯಾಮೆರಾನ ಒಂಚೂರು ಎಡಕ್ಕೆ ತಿರುಗಿಸು."