ನಲವತ್ತಮೂರನೇ ತೂತು

ಬೆಳಗಿನ ಐದೂವರೆಗೆ ನರ್ಸಿಂಗ್ ಹಾಸ್ಟೆಲಿನ ಹಿಂದಿನ ಅಂಗಳದಲ್ಲಿ ಮೂವರು ನಡುಗುತ್ತ ನಿಂತಿದ್ದರು. ಒಬ್ಬಳ ಕೈಯಲ್ಲಿ ಕ್ಯಾಮೆರಾ, ಒಬ್ಬನ ಕೈಯಲ್ಲಿ ಟೀ, ಇನ್ನೊಬ್ಬರ ಜೇಬಿನಲ್ಲಿ ಟೈಪ್ ಮಾಡಿಸಿದ ಒಂದು ಕಾಗದ.

ಕ್ಯಾಮೆರಾದವಳ ಕೆಲಸ ಕಟ್ಟಡಗಳಿಂದ ಶಾಖ ಎಲ್ಲಿ ಸೋರುತ್ತದೆಂದು ಹುಡುಕುವುದು. ಅವಳ ಕ್ಯಾಮೆರಾಕ್ಕೆ ಬಣ್ಣ, ಚಂದ, ಮುಖಲಕ್ಷಣ ಯಾವುದೂ ಬೇಡ. ಬಿಸಿ ಇದ್ದಲ್ಲಿ ಹಳದಿ, ತಣ್ಣಗಿದ್ದಲ್ಲಿ ನೀಲಿ, ಅಷ್ಟೇ. ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಗೋಡೆಗಳ ಮೈ ನೋಡುತ್ತಾಳೆಂದು ಕೆಲಸದವರು ಅವಳಿಗೆ ಜ್ವರದಕ್ಕ ಎಂದು ಹೆಸರಿಟ್ಟಿದ್ದರು. ಮೊದಲು ಸಿಟ್ಟು ಬರುತ್ತಿತ್ತು. ಈಗ ಫೋನಿನಲ್ಲಿ ಅವಳೇ ಹಾಗೆ ಹೇಳಿಕೊಳ್ಳುತ್ತಿದ್ದಳು.

ಟೀ ಹಿಡಿದವನು ನೆಲಮನೆಯ ಬಾಯ್ಲರ್ ನೋಡಿಕೊಳ್ಳುವವ. ಹುಡುಗಿಯರ ಬಾಯಲ್ಲಿ ಕೆಂಡಣ್ಣ. ಅವನು ಕಾಯಿಸಿದ ನೀರು ಕೊಳವೆಗಳಲ್ಲಿ ಹತ್ತಿ ಮೂರು ಮಹಡಿಗಳ ಕೋಣೆಗಳನ್ನು ಬೆಚ್ಚಗಿಡಬೇಕು. ಎರಡು ಮಹಡಿ ಬೆಚ್ಚಗಿದ್ದವು. ಮೂರನೆಯದರಲ್ಲಿ ಉತ್ತರದ ಕಡೆಯ ಹುಡುಗಿಯರು ಕಾಲುಚೀಲ ಹಾಕಿಕೊಂಡು, ಅದರ ಮೇಲೆ ಇನ್ನೊಂದು ಕಾಲುಚೀಲ ಹಾಕಿಕೊಂಡು ಓದುತ್ತಿದ್ದರು. ಡೀಸೆಲ್ ಮಾತ್ರ ಒಂದೂವರೆ ಪಟ್ಟು ಉರಿಯುತ್ತಿತ್ತು.

ಡೀಸೆಲ್ ಹೋಗುತ್ತಿದೆ, ಕೋಣೆ ಬಿಸಿಯಾಗುತ್ತಿಲ್ಲ. ಅಂದರೆ ಯಾರೋ ಹೊರಗೆ ಮಾರುತ್ತಿದ್ದಾರೆ ಎಂದು ಹಾಸ್ಟೆಲಿನ ಕಾರ್ಯದರ್ಶಿ ತೀರ್ಮಾನಿಸಿದ್ದರು. ಅವರ ಜೇಬಿನ ಕಾಗದದಲ್ಲಿ ಕೆಂಡಣ್ಣನನ್ನು ಕೆಲಸದಿಂದ ತೆಗೆದಿದೆ ಎಂದಿತ್ತು. ಇವತ್ತು ಶುಕ್ರವಾರ. ನಾಳೆ ಹನ್ನೊಂದಕ್ಕೆ ಕಾಗದ ಕೊಡುವುದೆಂದು ನಿಗದಿಯಾಗಿತ್ತು. ಅದಕ್ಕೆ ಮುಂಚೆ ಕಟ್ಟಡವನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದು ಹಟ ಹಿಡಿದವರು ಮೂರನೇ ಮಹಡಿಯ ಹುಡುಗಿಯರು. ಚಳಿಯಲ್ಲಿ ನಡುಗಿದರೂ ಕೆಂಡಣ್ಣ ಕಳ್ಳನಲ್ಲ ಎನ್ನುವುದು ಅವರಿಗೆ ಗೊತ್ತಿತ್ತು.

"ಸೂರ್ಯ ಬರೋಕೆ ಮುಂಚೆನೇ ಯಾಕಮ್ಮಾ? ಒಂಬತ್ತಕ್ಕೆ ಬಂದಿದ್ರೆ ಗೋಡೆ ಓಡಿಹೋಗ್ತಿತ್ತಾ?" ಕಾರ್ಯದರ್ಶಿ ಕೈ ಉಜ್ಜಿಕೊಂಡರು.

"ಬಿಸಿಲು ಬಿದ್ರೆ ಗೋಡೆ ಸುಳ್ಳು ಹೇಳುತ್ತೆ ಸಾರ್. ಈಗ ಬಿಸಿ ಕಂಡ್ರೆ ಅದು ಒಳಗಿಂದ ಬಂದಿದ್ದೇ."

ಅವರು ಅವಳ ಹೆಗಲ ಮೇಲಿಂದ ಪರದೆಗೆ ಕಣ್ಣು ಹಾಯಿಸಿದರು. ಕ್ಯಾಮೆರಾ ಆಗ ನೆಲಮಹಡಿಯ ಕಿಟಕಿಯ ಕಡೆಗಿತ್ತು. "ಅಗೋ! ಅಲ್ಲಿ! ಗಾಜಿನಲ್ಲಿ ಹಳದಿ! ಎಷ್ಟು ದೊಡ್ಡ ಸೋರಿಕೆ!"

"ಕೈ ಎತ್ತಿ ಸಾರ್."

ಅವರು ಎತ್ತಿದರು. ಗಾಜಿನಲ್ಲಿದ್ದ ಸೋರಿಕೆಯೂ ಕೈ ಎತ್ತಿತು.

"ಅದು ನೀವೇ ಸಾರ್. ಗಾಜು, ತಗಡು, ಹೊಳೆಯೋದೆಲ್ಲ ಈ ಕ್ಯಾಮೆರಾಕ್ಕೆ ಕನ್ನಡಿ. ಹೊಸಬರು ಮೊದಲ ದಿನ ಬೀಳೋ ಹಳ್ಳ ಇದು."

ಕೆಂಡಣ್ಣ ಟೀ ಉಗುಳುವುದೊಂದು ಬಾಕಿ. "ಸಾರ್ ಮೈಯಲ್ಲಿ ಇಷ್ಟು ಬಿಸಿ ಇದೆ ಅಂತ ಗೊತ್ತಿದ್ರೆ ಬಾಯ್ಲರೇ ಬೇಕಿರ್ಲಿಲ್ಲ" ಎಂದ.

"ನಾಳೆ ನಗು ನೀನು" ಎಂದರು ಕಾರ್ಯದರ್ಶಿ.

ಜ್ವರದಕ್ಕ ಕ್ಯಾಮೆರಾವನ್ನು ಮೇಲಕ್ಕೆತ್ತಿದಳು. ಮೂರನೇ ಮಹಡಿಯ ಗೋಡೆ ನೀಲಿ ಬಟ್ಟೆಯಂತೆ ಹರಡಿತ್ತು. ಆ ನೀಲಿಯ ಮೇಲೆ ಹಳದಿ ಚುಕ್ಕೆಗಳು. ಒಂದಲ್ಲ ಎರಡಲ್ಲ, ಎರಡು ನೇರ ಸಾಲು. ಚುಕ್ಕೆಯಿಂದ ಚುಕ್ಕೆಗೆ ಅಳೆದಿಟ್ಟ ಅಂತರ. ಬಿರುಕು ಹೀಗಿರುವುದಿಲ್ಲ. ಬಿರುಕಿಗೆ ಶಿಸ್ತು ಎಲ್ಲಿಂದ ಬರಬೇಕು? ಇದು ಮನುಷ್ಯನ ಕೈ. ಅವಳು ಗಟ್ಟಿಯಾಗಿ ಎಣಿಸಿದಳು: ಮೇಲೆ ಇಪ್ಪತ್ತೊಂದು, ಕೆಳಗೆ ಇಪ್ಪತ್ತೊಂದು.

ಏನೆಂದು ತಿಳಿಯಲು ಅವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ, ಗಾರೆಯವನ ಮಗಳು. ಗೋಡೆ ಏರಿದಂತೆ ಕೆಲಸದವರು ನಿಲ್ಲಲು ಸಾರುವೆ ಕಟ್ಟುತ್ತಾರೆ. ಅದರ ಅಡ್ಡಮರಗಳ ತುದಿಯನ್ನು ಗೋಡೆಯಲ್ಲೇ ತೂರಿಸಿರುತ್ತಾರೆ. ಕೆಲಸ ಮುಗಿದ ಮೇಲೆ ಮರ ಎಳೆದು, ಉಳಿದ ತೂತಿಗೆ ಇಟ್ಟಿಗೆ ಚೂರು, ಗಾರೆ ಗಿಡಿದು ತುಂಬಬೇಕು. ಇಲ್ಲಿ ಯಾರೂ ತುಂಬಿರಲಿಲ್ಲ. ಮೇಲೆ ಗಾರೆ ಬಳಿದು ಕೈತೊಳೆದುಕೊಂಡಿದ್ದರು. ವರ್ಷಗಳಲ್ಲಿ ಗಾರೆ ಉಂಗುರದ ಹಾಗೆ ಬಿರಿದಿತ್ತು. ತೂತು ಕೊಡಕ್ಕೆ ನೀರು ತುಂಬಿದಂತೆ ಕೆಂಡಣ್ಣ ಶಾಖ ತುಂಬುತ್ತಿದ್ದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದಳು. "ಡೀಸೆಲ್ ಕಳ್ಳ ಸಿಕ್ಕಿದ ಸಾರ್. ಗೋಡೆ."

ಕಾರ್ಯದರ್ಶಿ ಚಿತ್ರವನ್ನು ಹಿಂದೆ ಮುಂದೆ ಮಾಡಿ ನೋಡಿದರು. "ಚುಕ್ಕೆ ಚಿತ್ರ ನಮ್ಮ ಮೊಮ್ಮಗಳೂ ಬಿಡಿಸ್ತಾಳೆ. ಈಗ ತಾನೇ ನನ್ನನ್ನೇ ಸೋರಿಕೆ ಅಂತ ತೋರಿಸ್ತಲ್ಲ ಇದು? ಗೋಡೆ ಒಳಗೆ ಏನಿದೆ ಅಂತ ಕಣ್ಣಾರೆ ಕಂಡವರು ಬೇಕು."

"ಒಡೆದು ತೋರಿಸ್ತೀನಿ."

"ನಲವತ್ತೆರಡು ಕಡೆ ಒಡೀತೀರಾ? ಹುಡುಗಿಯರು ಎಲ್ಲಿ ಮಲಗಬೇಕು? ಎಲ್ಲಿ ಒಡೆದ್ರೆ ಏನು ಸಿಗುತ್ತೆ ಅಂತ ಕಟ್ಟಿದವನು ಬಂದು ಹೇಳ್ಲಿ, ಒಂದು ಕಡೆ ಒಡೆಯೋಕೆ ಒಪ್ತೀನಿ. ಮೂರನೇ ಮಹಡಿ ಆಮೇಲೆ ಸೇರಿಸಿದ್ದು. ಮೇಸ್ತ್ರಿ ಯಾರು ಅಂತ ಹಳೇ ಕಡತದಲ್ಲಿ ಇರಬೇಕು."

ಕಡತ ಸಿಕ್ಕಿತು. ಹತ್ತೊಂಬತ್ತು ವರ್ಷದ ಹಿಂದಿನ ಹಾಳೆಯ ಕೆಳಗೆ ಮೇಸ್ತ್ರಿಯ ಸಹಿ. ಮೊದಲ ಅಕ್ಷರದ ಬಾಲ ಮುಂದಿನ ಅಕ್ಷರಕ್ಕೆ ಸುತ್ತಿಕೊಂಡಿತ್ತು. ಅದೇ ಬಾಲವನ್ನು ಜ್ವರದಕ್ಕ ಶಾಲೆಯ ಪ್ರಗತಿಪತ್ರದ ಮೇಲೆ ಹತ್ತು ವರ್ಷ ನೋಡಿದ್ದಳು.

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು. "ನಾಳೆ ಹತ್ತಕ್ಕೆ ಕರ್ಕೊಂಡು ಬರ್ತೀನಿ. ನಮ್ಮಪ್ಪ."

ಮುಚ್ಚಿಡುವ ಯೋಚನೆ ಅವಳಿಗೆ ಬರಲಿಲ್ಲ. ಕೆಂಡಣ್ಣನಿಗೆ ಐವತ್ತನಾಲ್ಕು ವಯಸ್ಸು. ಡೀಸೆಲ್ ಕಳ್ಳ ಅನ್ನಿಸಿಕೊಂಡವನಿಗೆ ಇನ್ನಾವ ಬಾಯ್ಲರ್ ಕೊಡುತ್ತಾರೆ? ಆದರೆ ಅಪ್ಪನನ್ನು ಕರೆತರುವುದೆಂದರೆ ಆನೆಯನ್ನು ಮೆಟ್ಟಿಲು ಹತ್ತಿಸಿದ ಹಾಗೆ ಎಂಬುದು ಮಾತ್ರ ಗೊತ್ತಿತ್ತು.

ಅಪ್ಪ ಗಾರೆ ಬಿಟ್ಟು ಆರು ವರ್ಷವಾಗಿತ್ತು, ಗಾರೆಯ ಮಾತು ಬಿಟ್ಟಿರಲಿಲ್ಲ. ತಾನು ಕಟ್ಟಿದ ಗೋಡೆಯಲ್ಲಿ ಇರುವೆಗೂ ದಾರಿ ಇಲ್ಲ ಎನ್ನುವುದು ಅವನ ನಿತ್ಯದ ಮಂತ್ರ. ಸಂಜೆ ಅವನು ಅಡುಗೆಮನೆಯ ಬಾಗಿಲಲ್ಲಿ ಕೂತು ಅಮ್ಮನ ಚಾಕು ಮಸೆಯುತ್ತಿದ್ದ.

"ಅಪ್ಪಾ, ನರ್ಸಿಂಗ್ ಹಾಸ್ಟೆಲ್ ಮೂರನೇ ಮಹಡಿ ನಿಂದಾ?"

"ನಂದೇ. ಯಾಕೆ, ಬಿದ್ದೋಯ್ತಾ?"

"ಉತ್ತರದ ಗೋಡೆ ನೋಡ್ದೆ ಇವತ್ತು."

"ಸಾರುವೆ ತೂತೆಲ್ಲ ಗಟ್ಟಿಯಾಗಿ ತುಂಬಿದೀನಿ."

ಅವಳು ತೂತಿನ ಮಾತನ್ನೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ಅಮ್ಮ ನಲ್ಲಿ ನಿಲ್ಲಿಸಿದಳು, ಪೂರ್ತಿ ಕೇಳಿಸಲೆಂದು.

ಜ್ವರದಕ್ಕ ಚಿತ್ರ ತೋರಿಸಿದಳು. ಅಪ್ಪ ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ.

"ಈ ಆಟಿಕೆ ಹಿಡ್ಕೊಂಡು ಅಪ್ಪನ್ನೇ ಹಿಡಿಯೋಕೆ ಬಂದ್ಯಾ?"

"ನಿನ್ನನ್ನ ಯಾರೂ ಹಿಡಿಯಲ್ಲ. ಹಿಡಿದಿರೋದು ಬಾಯ್ಲರಿನವನನ್ನ. ನಾಳೆ ಹನ್ನೊಂದಕ್ಕೆ ಕಳ್ಳ ಅಂತ ಬರೆದು ಮನೆಗೆ ಕಳಿಸ್ತಾರೆ. ನೀನು ಬಂದು ಒಂದು ಮಾತು ಹೇಳಿದ್ರೆ ಕಳಿಸಲ್ಲ."

"ನಾನು ಕಳಪೆ ಕೆಲಸ ಮಾಡ್ದೆ ಅಂತ ಮಗಳ ಪಕ್ಕ ನಿಂತು ಹೇಳ್ಬೇಕಾ?"

"ಬೇಕಾದ್ರೆ ದೂರ ನಿಂತ್ಕೋ."

ಅಮ್ಮ ಒಳಗೆ ನಕ್ಕುಬಿಟ್ಟಳು. ಅಪ್ಪ ಚಾಕುವನ್ನು ಇನ್ನೂ ಹತ್ತು ಸಲ ಕಲ್ಲಿಗೆ ಎಳೆದ. ಅದು ಆಗಲೇ ಹರಿತವಾಗಿತ್ತು.

"ಮೂರು ಗೋಡೆ ಸರಿಯಾಗಿ ತುಂಬ್ದೆ" ಎಂದ ಕೊನೆಗೆ, ಚಾಕುವಿಗೆ ಹೇಳುವವನಂತೆ. "ನಾಲ್ಕನೇದಕ್ಕೆ ಮೂರು ದಿನ ಬೇಕಿತ್ತು. ಕಂಟ್ರಾಕ್ಟರು ಒಂದು ದಿನ ಕೊಟ್ಟ. ಉದ್ಘಾಟನೆಗೆ ಶಾಮಿಯಾನ ಹಾಕೋಕೆ ಬಂದು ನಿಂತಿದ್ರು. ಸಿಮೆಂಟ್ ಚೀಲದ ಕಾಗದ ಮುದುರಿ ತುರುಕಿದೆ. ಮೇಲೆ ಗಾರೆ."

"ಸರಿ. ನಾಳೆ ಇದನ್ನೇ ಹೇಳು."

"ಬರಲ್ಲ ಕಣೇ ನಾನು" ಎಂದು ಎದ್ದು ಹೋದ.

ಅವಳು ಮತ್ತೆ ಕೇಳಲಿಲ್ಲ. ಊಟದ ಹೊತ್ತಿಗೆ ಅಪ್ಪ ಮಂಚದ ಕೆಳಗಿನಿಂದ ಹಳೆಯ ಗೋಣಿಚೀಲ ಎಳೆದು, ಗಾರೆ ಬಳಿಯುವ ಕರಣೆಯ ತುಕ್ಕು ಉಜ್ಜುವುದನ್ನು ನೋಡಿ ನೆಮ್ಮದಿಯಿಂದ ಎರಡನೇ ಸಲ ಅನ್ನ ಹಾಕಿಸಿಕೊಂಡಳು.

ಮರುದಿನ ಹತ್ತಕ್ಕೆ ಮೂರನೇ ಮಹಡಿಯ ಮೂಲೆಕೋಣೆಯಲ್ಲಿ ಕಾರ್ಯದರ್ಶಿ, ಕೆಂಡಣ್ಣ, ಬಾಗಿಲ ತುಂಬ ಹುಡುಗಿಯರು. ಅಪ್ಪ ಯಾರಿಗೂ ನಮಸ್ಕಾರ ಹೇಳಲಿಲ್ಲ. ಪುಸ್ತಕದ ಕಪಾಟು ಸರಿಸಿದ. ಮೂಲೆಯಿಂದ ಮೊಣಕೈ ಊರಿ ಎರಡು ಮೊಳ ಅಳೆದ, ನೆಲದಿಂದ ಎದೆಮಟ್ಟಕ್ಕೆ ಕೈಯಿಟ್ಟ, ಬೆರಳ ಗೆಣ್ಣಿನಿಂದ ತಟ್ಟಿದ. ಸದ್ದು ಟೊಳ್ಳು. ಸುತ್ತಿಗೆಯ ಎರಡನೇ ಏಟಿಗೆ ಗಾರೆಯ ಬಿಲ್ಲೆ ಕಳಚಿ ಬಿತ್ತು; ತೂತಿನಿಂದ ಬಂದ ಗಾಳಿಗೆ ಮೇಜಿನ ಮೇಲಿನ ನೋಟ್ಸು ಹಾರಿದವು. ಒಬ್ಬ ಹುಡುಗಿ ಕೈ ಒಡ್ಡಿ, "ಅಯ್ಯೋ, ಎರಡು ವರ್ಷ ಇದರ ಪಕ್ಕದಲ್ಲೇ ತಲೆ ಇಟ್ಟು ಮಲಗಿದೀನಲ್ಲೇ!" ಎಂದಳು.

ಅಪ್ಪ ಎರಡು ಬೆರಳು ತೂರಿಸಿ ಕಾಗದದ ಉಂಡೆಯನ್ನು ಎಳೆದ. ಸಿಮೆಂಟ್ ಚೀಲದ ಕಂದು ಕಾಗದ. ಅದನ್ನು ಕಾರ್ಯದರ್ಶಿಯ ಕೈಗಿಟ್ಟ.

"ತುರುಕಿದವನು ನಾನು. ಅವಸರಕ್ಕೆ ಬಿದ್ದು ಮಾಡ್ದೆ, ಮುಚ್ಚಿಟ್ಟೆ. ಈ ಮನುಷ್ಯ ಕಾಯಿಸಿದ್ದೆಲ್ಲ ಇಲ್ಲಿಂದ ಹೋಗಿದೆ. ಇವನು ಕಳ್ಳ ಅಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಕಾರ್ಯದರ್ಶಿ ಉಂಡೆಯನ್ನೂ ತೂತನ್ನೂ ನೋಡಿ, ಜೇಬಿನಿಂದ ತಮ್ಮ ಕಾಗದ ತೆಗೆದು ಅಡ್ಡಡ್ಡ ಹರಿದರು. "ತಪ್ಪು ನಂದು" ಎಂದರು ಕೆಂಡಣ್ಣನಿಗೆ. ಹೇಳಲು ಕಷ್ಟವಾಯಿತು, ಆದರೂ ಹೇಳಿದರು.

"ಆ ಚೂರು ಇತ್ಲಾಗೆ ಕೊಡಿ ಸಾರ್, ಗಾಳಿ ಬರ್ತಿದೆ, ಸದ್ಯಕ್ಕೆ ತೂತಿಗೆ ತುರುಕೋಣ" ಎಂದ ಕೆಂಡಣ್ಣ. ಧ್ವನಿ ಮಾತ್ರ ಅವನ ಮಾತು ಕೇಳಲಿಲ್ಲ, ಅರ್ಧಕ್ಕೆ ಒಡೆಯಿತು.

"ಕಾಗದ ತುರುಕಿದ್ದು ಸಾಕು. ಇಟ್ಟಿಗೆ ತರಿಸಿ" ಎಂದ ಅಪ್ಪ. "ನಾಲ್ಕು ದಿನ ಬರ್ತೀನಿ. ಕೂಲಿ ಬೇಡ."

ಜ್ವರದಕ್ಕ ವರದಿ ಬರೆಯಲು ಹಾಳೆ ತೆಗೆದಳು. "ಒಟ್ಟು ನಲವತ್ತೆರಡು" ಎಂದು ಕಾರ್ಯದರ್ಶಿಗೆ ಹೇಳಿದಳು.

"ನಲವತ್ತಮೂರು" ಎಂದ ಅಪ್ಪ.

"ಎರಡು ಸಲ ಎಣಿಸಿದೀನಿ ಅಪ್ಪಾ."

"ನೂರು ಸಲ ಎಣಿಸು. ಕೆಳಗಿನ ಸಾಲಿನಲ್ಲಿ ಇಪ್ಪತ್ತೆರಡು. ಮಳೆನೀರಿನ ಪೈಪು ಕೂರಿಸೋಕೆ ಅಂತ ಒಂದು ಅಡ್ಡಮರ ಹೆಚ್ಚಿಗೆ ಹಾಕಿದ್ದೆ. ಪೈಪಿನ ಹಿಂದೆ ನೋಡು."

ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಪೈಪಿಗೆ ಯಾರೋ ಈಚೆಗೆ ಹೊಳೆಯುವ ತಗಡಿನ ಹೊದಿಕೆ ಹಾಕಿಸಿದ್ದರು. ನಿನ್ನೆ ಅಂಗಳದಿಂದ ಅಲ್ಲಿ ಕಂಡಿದ್ದು ಬರೀ ನೀಲಿ. ತಗಡಿನಲ್ಲಿ ಬಿದ್ದಿದ್ದ ತಣ್ಣನೆಯ ಆಕಾಶವನ್ನು ಅವಳು ಗೋಡೆಯೆಂದು ನಂಬಿ ಮುಂದೆ ಹೋಗಿದ್ದಳು.

"ಹೊಳೆಯೋದೆಲ್ಲ ಕನ್ನಡಿ ಅಂದ್ರಲ್ಲಮ್ಮಾ" ಎಂದರು ಕಾರ್ಯದರ್ಶಿ ಹಿಂದಿನಿಂದ. "ಮೊದಲ ದಿನ ಬೀಳೋ ಹಳ್ಳ ಅಂತಾನೂ ಅಂದ್ರಿ."

ಹುಡುಗಿಯರು ಹೋ ಎಂದರು. ಜ್ವರದಕ್ಕನೂ ನಕ್ಕಳು, ಕಿವಿ ಮಾತ್ರ ಬಿಸಿಯಾಯಿತು. ನಲವತ್ತೆರಡು ಹೊಡೆದುಹಾಕಿ ನಲವತ್ತಮೂರು ಎಂದು ಬರೆದಳು. ಹೇಗೆ ತಿಳಿಯಿತು ಎಂಬ ಜಾಗದಲ್ಲಿ ನಲವತ್ತೆರಡಕ್ಕೆ ಕ್ಯಾಮೆರಾ ಎಂದೂ ಒಂದಕ್ಕೆ ಮೇಸ್ತ್ರಿ ಎಂದೂ ತುಂಬಿದಳು.

ಅಪ್ಪ ಆಗಲೇ ಎರಡನೇ ತೂತಿಗೆ ಮೊಳ ಹಾಕುತ್ತಿದ್ದ. ಕೆಂಡಣ್ಣ ಮೆಟ್ಟಿಲಿಳಿದು ಬಾಯ್ಲರಿನ ಉರಿ ತಗ್ಗಿಸಲು ಹೋದ. ಗೋಡೆ ತೆರೆದಿರುವಾಗ ಊರಿಗೆಲ್ಲ ಬೆಂಕಿ ಕಾಯಿಸುವುದು ಅವನಿಗೆ ಇಷ್ಟವಿರಲಿಲ್ಲ.