ಕರಿಕಾಯಿಯವರು ಸೋತ ಆಟ

ಸೋತು ಹೆಸರು ಮಾಡಿದವರು ಆ ಊರಿನಲ್ಲಿ ಒಬ್ಬರೇ ಇದ್ದರು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವರನ್ನು ಎಲ್ಲರೂ ಕರಿಕಾಯಿಯವರು ಎಂದೇ ಕರೆಯುತ್ತಿದ್ದರು. ಮೈಬಣ್ಣ ನೋಡಿ ಇಟ್ಟ ಹೆಸರಲ್ಲ, ಮನುಷ್ಯ ಕೆಂಪಗೇ ಇದ್ದರು. ನಲವತ್ತು ವರ್ಷದ ಹಿಂದೆ ವಾಚನಾಲಯದ ಮಹಡಿಯಲ್ಲಿ ನಡೆದ ಚೆಸ್ ಪಂದ್ಯಾವಳಿಯ ಕೊನೆಯ ಆಟದಲ್ಲಿ ಅವರು ಕಪ್ಪು ಕಾಯಿಗಳ ಹಿಂದೆ ಕೂತಿದ್ದರು. ಅಲ್ಲಿಂದಾಚೆ ಆ ಕಾಯಿಗಳು ಅವರನ್ನು ಬಿಡಲೇ ಇಲ್ಲ.

ಎದುರಿಗೆ ಬಿಳಿ ಕಾಯಿ ಹಿಡಿದವರು ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರು. ಗೆದ್ದವರೂ ಅವರೇ. ಗೆಲ್ಲುವುದೇನು ಮಹಾ, ಇಬ್ಬರಲ್ಲಿ ಒಬ್ಬರು ಗೆಲ್ಲುವುದು ಇದ್ದದ್ದೇ. ಆದರೆ ಗೆದ್ದ ಬಗೆ ಲೋಕಕ್ಕೆ ಸೋಜಿಗವಾಯಿತು. ಆಟ ಕಾವೇರಿದ ಹೊತ್ತಿನಲ್ಲಿ ಬಿಳಿ ಕುದುರೆಯೊಂದು ಮುಂದೆ ನುಗ್ಗುವುದನ್ನು ಬಿಟ್ಟು, ತಾನು ಮೊದಲು ನಿಂತಿದ್ದ ಮನೆಗೇ ವಾಪಸು ಹೋಯಿತು. ಆಮೇಲೆ ಬೇರೆ ದಾರಿ ಹಿಡಿದು, ಬಲ ಅಂಚನ್ನು ಬಳಸಿ ಬಂದು, ಹಿಂದೆ ಹೋದದ್ದೂ ಸೇರಿ ಐದನೇ ನೆಗೆತಕ್ಕೆ ಕಪ್ಪು ರಾಜ, ರಾಣಿ ಇಬ್ಬರ ಮೇಲೂ ಒಟ್ಟಿಗೇ ಎರಗಿತು. ಪರದೇಶದ ಚೆಸ್ ಪತ್ರಿಕೆಯೊಂದು ಆ ಆಟವನ್ನು ಪೂರ್ತಿ ಅಚ್ಚು ಹಾಕಿ, ಕುದುರೆ ಹಿಂದೆ ಹೋದ ನಡೆಯ ಪಕ್ಕ, ಅಪರೂಪದ ಜಾಣ ನಡೆಗೆ ಮಾತ್ರ ಇಡುವ ಎರಡು ಆಶ್ಚರ್ಯಸೂಚಕ ಚಿಹ್ನೆ ಇಟ್ಟಿತು. ಊರಿನವರಿಗೆ ಅಷ್ಟೇ ಸಾಕಾಯಿತು.

ಸೋತವರಿಗೂ ಅದರಲ್ಲಿ ಒಂದು ಪಾಲು ಸಿಕ್ಕಿತು. ಅಂಗಡಿಯ ಕುರ್ಚಿಯಲ್ಲಿ ಕೂತು ಗೋಡೆಯ ಅಕ್ಷರ ಓದುತ್ತಿದ್ದ ಗಿರಾಕಿ ನಡುವೆ ನಿಲ್ಲಿಸಿ ಕೇಳುತ್ತಿದ್ದ: "ಸರ್, ಕುದುರೆ ಹಿಂದಕ್ಕೆ ಹೋಯ್ತಲ್ಲ, ಆಗ ನಿಮಗೆ ಹೇಗನ್ನಿಸ್ತು?"

ಕರಿಕಾಯಿಯವರು ಗಾಜು ಬದಲಿಸುತ್ತ, "ಏನನ್ನಿಸುತ್ತೆ? ಕಣ್ಣು ಕತ್ತಲೆ ಬಂತು. ಈಗ ನೋಡಿ, ಕೊನೇ ಸಾಲು ಕಾಣುತ್ತಾ?" ಅನ್ನುತ್ತಿದ್ದರು. ಗಿರಾಕಿ ನಗುತ್ತಿದ್ದ. ಅಂಥ ಬುದ್ಧಿವಂತನ ಎದುರು ಸೋತವರ ಕೈಯಿಂದಲೇ ಕನ್ನಡಕ ಹಾಕಿಸಿಕೊಂಡೆ ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದ.

ಆದರೆ ನಿಜವಾಗಿ ನಡೆದದ್ದನ್ನು ಅವರು ಹೆಂಡತಿಯೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಅವತ್ತು ತೀರ್ಪುಗಾರರಾಗಿದ್ದ ಗ್ರಂಥಪಾಲಕರು ಕಾಫಿ ಕುಡಿಯಲು ಕೆಳಗೆ ಹೋಗಿದ್ದರು. ಆಟ ನೋಡುತ್ತಿದ್ದ ಮೂರು ಮತ್ತೊಂದು ಜನ, ರಸ್ತೆಯಲ್ಲಿ ಎರಡು ಲಾರಿಯವರು ಜಗಳಕ್ಕೆ ಬಿದ್ದದ್ದು ಕೇಳಿ ಕಿಟಕಿಗೆ ಮುಗಿಬಿದ್ದಿದ್ದರು. ಪೋಸ್ಟ್‌ಮಾಸ್ಟರು ಒಂಟೆಯನ್ನು ಎತ್ತಲು ಕೈ ಚಾಚಿದರು. ಅವರ ಅಂಗಿಯ ತೋಳು ಅಳತೆ ಮೀರಿ ಉದ್ದವಿತ್ತು. ಅದು ಕುದುರೆಗೆ ತಾಗಿ, ಕುದುರೆ ಅಡ್ಡಬಿತ್ತು.

"ಮುಟ್ಟಿದ ಕಾಯಿ ಆಡಬೇಕು," ಅಂದರು ಇಪ್ಪತ್ತೆಂಟರ ಹರೆಯದ ಕರಿಕಾಯಿಯವರು.

"ಕೈ ತಾಗಿಲ್ಲಪ್ಪ, ತೋಳು ತಾಗಿದ್ದು."

"ತೋಳು ಯಾರದ್ದು? ನಿಮ್ಮದೇ ತಾನೇ?"

ಪೋಸ್ಟ್‌ಮಾಸ್ಟರು ಅವರ ಮುಖವನ್ನೇ ಒಂದು ಗಳಿಗೆ ನೋಡಿದರು. ವಾದ ಮಾಡಲಿಲ್ಲ. ಕುದುರೆಗೆ ಎಂಟು ದಾರಿ. ನಾಲ್ಕರಲ್ಲಿ ಅವರ ಕಾಯಿಗಳೇ ಅಡ್ಡ ನಿಂತಿದ್ದವು, ಮೂರರಲ್ಲಿ ಸಾವು ಕಾದಿತ್ತು. ಉಳಿದದ್ದು ಹಿಂದಿನ ಮನೆಯೊಂದೇ. ಬೇರೆ ಗತಿಯಿಲ್ಲದೆ ಕುದುರೆಯನ್ನು ಅಲ್ಲಿಟ್ಟರು. ಕರಿಕಾಯಿಯವರಿಗೆ ಒಳಗೊಳಗೇ ಖುಷಿಯಾಯಿತು. ಹನ್ನೊಂದು ನಡೆಗಳಾದ ಮೇಲೆ ಅವರು ಸೋತರು.

ಆಡುವ ಉದ್ದೇಶವಿಲ್ಲದೆ, ಅಕಸ್ಮಾತ್ ತಾಗಿದ ಕಾಯಿಯನ್ನು ಆಡಲೇಬೇಕೆಂದಿಲ್ಲ ಎಂದು ನಿಯಮದ ಪುಸ್ತಕದಲ್ಲಿ ಓದಿಕೊಂಡದ್ದು ಮಾರನೇ ವಾರ. ಅಷ್ಟರಲ್ಲಿ ಆಟ ಪರದೇಶಕ್ಕೆ ಹೊರಟುಹೋಗಿತ್ತು. ಈಗ ಬಾಯಿಬಿಟ್ಟರೆ ಏನಾಗುತ್ತದೆ? ಮೇಧಾವಿಯ ಕೈಯಲ್ಲಿ ಸೋತವನಿಗೆ ಒಂದು ಗೌರವವಿದೆ. ತನ್ನ ಮೊಂಡುಹಟದಿಂದ ಎದುರಾಳಿಗೆ ಗೆಲ್ಲುವ ನಡೆಯನ್ನು ತಾನೇ ಆಡಿಸಿದವನಿಗೆ ಯಾವ ಗೌರವ? ಸುಮ್ಮನಿದ್ದರು. ವಿಚಿತ್ರವೆಂದರೆ ಪೋಸ್ಟ್‌ಮಾಸ್ಟರೂ ಸುಮ್ಮನಿದ್ದರು. ಮೂವತ್ತು ಚಿಲ್ಲರೆ ವರ್ಷ ಇಬ್ಬರೂ ಬೀದಿಯಲ್ಲಿ ಎದುರಾದಾಗ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಆರು ವರ್ಷದ ಹಿಂದೆ ಪೋಸ್ಟ್‌ಮಾಸ್ಟರು ತೀರಿಕೊಂಡರು.

ಹೀಗಿರುವಾಗ ಗಣಿತದ ಮೇಷ್ಟ್ರು ಅಂಗಡಿಗೆ ಬಂದರು. ಅವರು ಚೆಸ್ ಕ್ಲಬ್ಬಿನ ಕಾರ್ಯದರ್ಶಿ. ಆ ಆಟದ ಬಗ್ಗೆ ನೂರಿಪ್ಪತ್ತು ಪುಟದ ಪುಸ್ತಕ ಬರೆದಿದ್ದರು. ಅದರಲ್ಲಿ ಎಪ್ಪತ್ತು ಪುಟ ಕುದುರೆ ಹಿಂದೆ ಹೋದ ಒಂದೇ ನಡೆಯ ಮೇಲೆ.

"ಭಾನುವಾರ ಬೆಳಿಗ್ಗೆ ಬಿಡುಗಡೆ ಸರ್. ವೇದಿಕೆ ಮೇಲೆ ದೊಡ್ಡ ಬೋರ್ಡ್ ನಿಲ್ಲಿಸ್ತೀವಿ. ಬಿಳಿ ಕಾಯಿ ನಾನು ನಡೆಸ್ತೀನಿ. ಕಪ್ಪು ನೀವೇ ನಡೆಸಬೇಕು. ನಿಮ್ಮಷ್ಟು ಚೆನ್ನಾಗಿ ಇನ್ಯಾರು ಸೋಲ್ತಾರೆ ಹೇಳಿ?"

ಅವರು ಅದನ್ನು ಹೊಗಳಿಕೆಯೆಂದೇ ತಿಳಿದು ಹೇಳಿದ್ದರು. ಕರಿಕಾಯಿಯವರು ಒಪ್ಪಿಕೊಂಡರು.

ಮನೆಯಲ್ಲಿ ಹೆಂಡತಿ ಸೊಪ್ಪು ಬಿಡಿಸುತ್ತ, "ಅಲ್ರೀ, ಮನೇಲಿ ಒಂದು ಮಾತಿಗೂ ಸೋಲದ ಮನುಷ್ಯ, ಅಲ್ಲಿ ಹೋಗಿ ಸಭೆ ಮುಂದೆ ಇನ್ನೊಂದ್ಸಲ ಸೋತು ಬರ್ತೀರಾ?" ಎಂದು ಕೇಳಿದರು.

"ಕರೆದಿದಾರೆ ಕಣೆ. ಇಲ್ಲ ಅನ್ನೋಕಾಗುತ್ತಾ?"

"ಹೋಗಿ ಹೋಗಿ. ತೋಳು ಮಡಚಿದ ಅಂಗಿ ಹಾಕ್ಕೊಂಡು ಹೋಗಿ."

ಭಾನುವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಪೋಸ್ಟ್‌ಮಾಸ್ಟರ ಮಗಳು ಕೂತಿದ್ದಳು. ಅವಳು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್. ಚೆಸ್ ಬಾರದು, ಅಪ್ಪ ಕಲಿಸಿರಲಿಲ್ಲ. ಬಿಸಿಲಿಗೆ ಕಂದಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಜಮೀನಿನ ನಕ್ಷೆ ನೋಡುವ ಹಾಗೆ ಬೋರ್ಡನ್ನು ನೋಡುತ್ತಿದ್ದಳು.

ಕುದುರೆ ಹಿಂದೆ ಹೋಗುವ ಗಳಿಗೆ ಬಂತು. ಮೇಷ್ಟ್ರು ಕಾಯಿಯನ್ನು ಕೊಕ್ಕೆಯಿಂದ ಬಿಡಿಸಿ, ಗಾಳಿಯಲ್ಲಿ ಹಿಡಿದು, ಇಪ್ಪತ್ತು ನಿಮಿಷ ಮಾತಾಡಿದರು. "ಎಲ್ಲರೂ ಮುಂದೆ ಓಡೋ ಕಾಲದಲ್ಲಿ ಹಿಂದೆ ಸರಿಯೋ ಧೈರ್ಯ ಇದು! ಈ ಕುದುರೆ ಹೆದರಿ ಹೋಗ್ತಿಲ್ಲ, ಯೋಚನೆ ಮಾಡೋಕೆ ಹೋಗ್ತಿದೆ!" ಎಂದರು. ಜನ ಚಪ್ಪಾಳೆ ತಟ್ಟಿದರು. ಕರಿಕಾಯಿಯವರೂ ತಟ್ಟಿದರು. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ತಟ್ಟಿತು.

ಆಮೇಲೆ ಕುದುರೆ ತನ್ನ ಕಡೆಯ ಕಾಯಿಗಳ ಮಧ್ಯೆ ಒಂದು ಮನೆಗೆ ಬಂತು. ಅದರ ಮುಂದಿನ ನಡೆ ಆನೆಯದು. ಎಡ ಮೂಲೆಯಲ್ಲಿ ಆಟದುದ್ದಕ್ಕೂ ಅಲ್ಲಾಡದೆ ಕೂತಿದ್ದ ಬಿಳಿ ಆನೆ, ಒಂದೇ ಒಂದು ಮನೆ ಪಕ್ಕಕ್ಕೆ ಸರಿಯಿತು.

"ಇದೇನೂ ಇಲ್ಲ, ಸುಮ್ನೆ ಹೊತ್ತು ಕಳೆಯೋ ನಡೆ. ಮುಂದಕ್ಕೆ ಹೋಗೋಣ," ಎಂದರು ಮೇಷ್ಟ್ರು.

ಕರಿಕಾಯಿಯವರ ಕೈ ರಾಣಿಯ ಮೇಲೇ ನಿಂತುಬಿಟ್ಟಿತು. ಕುದುರೆಯನ್ನು ಹೊಗಳಿದ್ದನ್ನು ಅವರು ನುಂಗಿಕೊಳ್ಳಬಲ್ಲವರಾಗಿದ್ದರು. ನುಂಗಿಯೇ ಇಷ್ಟು ವರ್ಷ ಬಾಳಿದ್ದರು. ಆದರೆ ಆ ಆನೆ! ಆ ಒಂದು ಮನೆಯ ಸರಿದಾಟಕ್ಕೆ ತಾನು ಹೇಗೆ ಹಳ್ಳಕ್ಕೆ ಬಿದ್ದೆ ಎಂಬುದನ್ನು ನೆನೆದು ಅವರು ಎಷ್ಟು ಸಲ ಮೆಚ್ಚಿ ತಲೆದೂಗಿದ್ದರೋ ಲೆಕ್ಕವಿಲ್ಲ. ಅದನ್ನು ಏನೂ ಇಲ್ಲ ಅನ್ನುವುದೇ? ಅವರಿಗೆ ರೇಗಿಹೋಯಿತು.

"ಮೇಷ್ಟ್ರೇ, ಆ ಮೈಕು ಕೊಡಿ ಇಲ್ಲಿ."

ಕೊಟ್ಟರು. ಕರಿಕಾಯಿಯವರು ಎಲ್ಲವನ್ನೂ ಹೇಳಿದರು. ಕಾಫಿಗೆ ಹೋದ ಗ್ರಂಥಪಾಲಕರು, ಲಾರಿ ಜಗಳ, ಉದ್ದ ತೋಳು, ತನ್ನ ಹಟ, ಒಂದನ್ನೂ ಬಿಡಲಿಲ್ಲ. "ಕುದುರೆ ಯೋಚನೆ ಮಾಡೋಕೂ ಹೋಗ್ಲಿಲ್ಲ, ಮಣ್ಣೂ ಇಲ್ಲ. ನಾನು ಓಡಿಸಿದೆ, ಹೋಯ್ತು. ಆ ಮನುಷ್ಯನ ಜಾಣತನ ನೋಡಬೇಕಾದ್ರೆ ಅದರ ಮುಂದಿನ ನಡೆಗಳನ್ನ ನೋಡಿ," ಎಂದು ಮುಗಿಸಿದರು.

ಹಿಂದಿನಿಂದ ಯಾರೋ, "ಪಾಪ, ವಯಸ್ಸಾಯ್ತು," ಅಂದರು. ಇನ್ಯಾರೋ, "ನಲವತ್ತು ವರ್ಷ ಆದ್ರೂ ಹೊಟ್ಟೆಕಿಚ್ಚು ಹೋಗಿಲ್ಲ ನೋಡಿ," ಅಂದರು.

ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ಎಪ್ಪತ್ತು ಪುಟಗಳು ಕಣ್ಣೆದುರಿಗೇ ನೀರಿನಲ್ಲಿ ಕೊಚ್ಚಿಹೋಗುತ್ತಿದ್ದವು. ಆದರೆ ಅರ್ಧ ನಿಮಿಷ ಕಳೆಯುವುದರೊಳಗೆ ಆ ಮುಖಕ್ಕೆ ಬಣ್ಣ ಬಂತು; ನೋಡನೋಡುತ್ತಲೇ ಅದು ಬೆಳಗತೊಡಗಿತು.

"ಬೇಕು ಅಂತಲೇ ತಾಗಿಸಿದ್ರು!" ಎಂದು ಕೂಗಿದರು. "ಅಯ್ಯೋ, ನನಗೆ ಹೊಳೀಲೇ ಇಲ್ಲವಲ್ಲ! ತಾವಾಗಿಯೇ ಕುದುರೇನ ಹಿಂದೆ ಇಟ್ಟಿದ್ರೆ ಎದುರಾಳಿ ಹುಷಾರಾಗ್ತಿದ್ದ. ಅದಕ್ಕೇ ಬಲವಂತಕ್ಕೆ ಇಟ್ಟ ಹಾಗೆ ಕಾಣಿಸಬೇಕಿತ್ತು. ಉದ್ದ ತೋಳಿನ ಅಂಗಿ ಹಾಕ್ಕೊಂಡು ಬಂದಿದ್ರು ಅಂದ್ರೆ, ಬೆಳಿಗ್ಗೆ ಮನೆ ಬಿಡೋವಾಗ್ಲೇ ಈ ನಡೆ ಯೋಚನೆ ಮಾಡಿದ್ರು!"

ಚಪ್ಪಾಳೆಯ ಸದ್ದಿಗೆ ಬೋರ್ಡಿನ ಮೇಲಿದ್ದ ಕಾಯಿಗಳು ಅಲುಗಿದವು. ಇಂಥದೊಂದು ಗುಟ್ಟನ್ನು ಬಿಚ್ಚಿಟ್ಟದ್ದಕ್ಕಾಗಿ ಕರಿಕಾಯಿಯವರಿಗೆ ಅಲ್ಲೇ ಒಂದು ಶಾಲು ಹೊದಿಸಿದರು. ಸತ್ಯ ಹೇಳಿದ್ದಕ್ಕೆ ಪೋಸ್ಟ್‌ಮಾಸ್ಟರು ಇನ್ನೂ ಎರಡು ಅಡಿ ಎತ್ತರವಾದರು, ತಾವು ಅಷ್ಟೇ ಪೆದ್ದರಾದರು. ಮುಂದಿನ ಸಾಲಿನಲ್ಲಿ ಮಗಳೊಬ್ಬಳು ಮಾತ್ರ ಚಪ್ಪಾಳೆ ತಟ್ಟದೆ ಕೂತಿದ್ದಳು.

ಮೂರು ತಿಂಗಳಿಗೆ ಎರಡನೇ ಮುದ್ರಣ ಬಂತು. ಅಂಗಿಯ ತೋಳಿನ ಮೇಲೆ ಹೊಸ ಅಧ್ಯಾಯ ಸೇರಿಕೊಂಡಿತ್ತು. ಆನೆಗೆ ಮೊದಲಿನ ಹಾಗೇ ಅರ್ಧ ಸಾಲು.

ಆ ವಾರವೇ ಒಂದು ಮಧ್ಯಾಹ್ನ ಪೋಸ್ಟ್‌ಮಾಸ್ಟರ ಮಗಳು ಅಂಗಡಿಗೆ ಬಂದಳು. ಊಟದ ಡಬ್ಬಿ ತಂದಿದ್ದ ಹೆಂಡತಿಯೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು.

"ಮಾಮ, ನೀವು ಅವತ್ತು ಹೇಳಿದ್ದು ನಿಜ ಅಂತ ನನಗೆ ಗೊತ್ತು," ಅಂದಳು ಅವಳು. "ನಮ್ಮ ದೊಡ್ಡಪ್ಪ ಅಪ್ಪನಿಗಿಂತ ಅರ್ಧ ಅಡಿ ಎತ್ತರ. ಅವರು ಹಾಕಿಬಿಟ್ಟ ಅಂಗಿಗಳನ್ನೇ ಅಪ್ಪ ಹಾಕ್ತಿದ್ದಿದ್ದು. ಸಾರಿನ ಪಾತ್ರೆಯೊಳಗೂ ಆ ತೋಳು ಹೋಗೋದು. ಅದೆಲ್ಲ ಯಾವ ಯೋಜನೆನೋ!"

ಕರಿಕಾಯಿಯವರು ನಕ್ಕರು. ಬಹಳ ದಿನದ ಮೇಲೆ ಬಂದ ನಗು.

"ಆ ಕುದುರೇನ ಯಾರಾದ್ರೂ ಹೊಗಳಿದ್ರೆ ಅಪ್ಪ ಎದ್ದು ಹೋಗ್ಬಿಡೋರು. ನಾವೆಲ್ಲ ವಿನಯ ಅಂದ್ಕೊಂಡಿದ್ವಿ." ಅವಳು ಚೀಲದಿಂದ ಹಳದಿಯಾದ ಒಂದು ಪತ್ರಿಕೆ ತೆಗೆದಳು. ಪರದೇಶದ ಅದೇ ಸಂಚಿಕೆ. "ಮೊನ್ನೆ ಟ್ರಂಕಿನಲ್ಲಿ ಸಿಕ್ತು. ಇಲ್ಲಿ ಪೆನ್ಸಿಲ್ಲಿಂದ ಒಂದು ಗೆರೆ ಎಳೆದಿದಾರೆ. ಇದು ಯಾವ ನಡೆ ಅಂತ ಸ್ವಲ್ಪ ನೋಡ್ತೀರಾ?"

ಕರಿಕಾಯಿಯವರು ಕನ್ನಡಕ ಒರೆಸಿಕೊಂಡು ನೋಡಿದರು. ಎರಡು ಆಶ್ಚರ್ಯಸೂಚಕ ಚಿಹ್ನೆಗಳ ಹತ್ತಿರ ಏನೂ ಇರಲಿಲ್ಲ. ಗೆರೆ ಇದ್ದದ್ದು ಆನೆಯ ನಡೆಯ ಕೆಳಗೆ. ತೆಳ್ಳಗೆ, ಒತ್ತದೆ ಎಳೆದ ಗೆರೆ. "ಆನೆ ನಡೆ," ಅಂದರು.

ಹೆಂಡತಿ ಬಗ್ಗಿ ನೋಡಿ, "ಪೆನ್ಸಿಲ್ ಮೊನೆ ಸರಿಯಾಗಿದೆಯಾ ಅಂತ ಗೀಚಿ ನೋಡಿದ್ದೂ ಇರಬಹುದಪ್ಪ," ಅಂದರು.

"ಇರಬಹುದು," ಎಂದು ಕರಿಕಾಯಿಯವರು ಒಪ್ಪಿಕೊಂಡರು. ಆದರೂ ಎದ್ದು ಹೋಗಿ, ಬೀರುವಿನ ಮೇಲಿಂದ ಚೆಸ್ ಹಲಗೆ ಇಳಿಸಿ, ಗಾಜಿನ ಮೇಜಿನ ಮೇಲಿದ್ದ ಫ್ರೇಮುಗಳನ್ನು ಒತ್ತಟ್ಟಿಗೆ ಸರಿಸಿ, ಕಾಯಿ ಜೋಡಿಸಿದರು. ಯಾವ ಪುಸ್ತಕವೂ ಬೇಕಾಗಲಿಲ್ಲ. ಯಾವ ಕಾಯಿ ಹೇಗೆ ನಡೆಯುತ್ತದೆ ಎಂದು ಮೊದಲು ಅವಳಿಗೆ ಹೇಳಿಕೊಟ್ಟರು.

"ನೋಡಮ್ಮ, ನಿಮ್ಮಪ್ಪನ ಕುದುರೆ ಇಲ್ಲಿದೆ. ಅದು ಬಲಗಡೆ ಅಂಚಿನ ಈ ಮನೆ ದಾಟಿ ಬರಬೇಕು. ಆದ್ರೆ ನನ್ನ ರಾಣಿ ದೂರದಿಂದ ಆ ಮನೆ ಮೇಲೆ ಕಣ್ಣಿಟ್ಟಿದಾಳೆ. ಬಂದ್ರೆ ನುಂಗ್ತಾಳೆ. ಈಗ ಏನು ಮಾಡಬೇಕು?"

"ರಾಣೀನ ಅಲ್ಲಿಂದ ಎಬ್ಬಿಸಬೇಕು."

"ಬಲಗಡೆ ಏನಾದ್ರೂ ಮಾಡಿದ್ರೆ ನಾನು ಎಚ್ಚರ ಆಗ್ತೀನಿ. ಅದಕ್ಕೆ ಇವರು ಮಾಡಿದ್ದು ಎಡಗಡೆ." ಆನೆಯನ್ನು ಒಂದು ಮನೆ ಸರಿಸಿದರು. "ಈಗ ಈ ಸಾಲಿನ ತುದೀಲಿರೋ ನನ್ನ ಕಾಲಾಳಿನ ಮೇಲೆ ಆನೆ ಕಣ್ಣು. ಒಂದು ಬಡಪಾಯಿ ಕಾಲಾಳು. ಹೋದ್ರೆ ಹೋಗ್ಲಿ ಅನ್ನಬೇಕಿತ್ತು. ನಾನು ಜುಗ್ಗ, ಅದನ್ನ ಕಾಯೋಕೆ ರಾಣೀನ ಇಲ್ಲಿಗೆ ತಂದೆ."

ಅವಳು ಹಲಗೆಯ ಮೇಲೆ ಬೆರಳಾಡಿಸಿ, ಗಡಿ ಕಲ್ಲು ಹುಡುಕುವವಳ ಹಾಗೆ ಮನೆಗಳನ್ನು ಅಳೆದಳು. "ಅಂದ್ರೆ ಅಂಚಿನ ದಾರಿ ಬಿಟ್ಟುಹೋಯ್ತು. ಕುದುರೆ ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ ಬಂದು ನಿಂತ್ರೆ..." ಬೆರಳು ಫಕ್ಕನೆ ನಿಂತಿತು. "ಅರೆ! ರಾಣಿ ಹೋಗಿ ಕೂತ ಮನೆ ಮೇಲೂ ಅದರ ಕಣ್ಣು ಬೀಳುತ್ತೆ! ರಾಜನ ಜೊತೆ ಅವಳೂ ಸಿಕ್ಕಿಬೀಳ್ತಾಳೆ!"

"ಹೂಂ ಮತ್ತೆ!" ಕರಿಕಾಯಿಯವರು ತಾವೇ ಗೆದ್ದ ಹಾಗೆ ಮೇಜು ಕುಟ್ಟಿದರು.

"ಹಾಗಾದ್ರೆ ಅಪ್ಪನಿಗೆ ದಾರಿ ಬಿಟ್ಟುಕೊಟ್ಟಿದ್ದು ನೀವೇ ಅಲ್ವಾ?"

"ಬಿಡಿಸಿದ್ದು ನಿಮ್ಮಪ್ಪ ಕಣಮ್ಮ. ನನ್ನ ಕೈಯಿಂದ ಬಿಡಿಸಿದ್ರು. ನಾನು ಹಟ ಮಾಡಿ ಅವರ ಕುದುರೇನ ಓಡಿಸಿದ್ದೆ. ಅವರು ಒಂದು ಮಾತೂ ಆಡದೆ ನನ್ನ ರಾಣೀನ ಓಡಿಸಿದ್ರು."

ಬಾಗಿಲಲ್ಲಿ ಗಿರಾಕಿಯೊಬ್ಬರು ಒಡೆದ ಕನ್ನಡಕ ಹಿಡಿದು ನಿಂತಿದ್ದರು. ಹೆಂಡತಿ ಅವರಿಗೆ ಸ್ಟೂಲು ಬಿಟ್ಟುಕೊಟ್ಟು, "ಸ್ವಲ್ಪ ಕೂತ್ಕೊಳ್ಳಿ, ಸೋಲ್ತಾ ಇದಾರೆ, ಈಗ ಮುಗಿಯುತ್ತೆ," ಅಂದರು.

"ಮಾಮ, ಇನ್ನೊಂದ್ಸಲ ತೋರಿಸಿ," ಅಂದಳು ಅವಳು. "ಈ ಸಲ ಆನೆ ನಾನು ಸರಿಸ್ತೀನಿ."

ಕಾಯಿಗಳು ಮತ್ತೆ ತಮ್ಮ ಜಾಗಕ್ಕೆ ಬಂದವು. ಅವಳು ಆನೆಯನ್ನು ಎರಡು ಬೆರಳಲ್ಲಿ ಹಿಡಿದು, ಸದ್ದಾಗದಂತೆ ಒಂದು ಮನೆ ಪಕ್ಕಕ್ಕಿಟ್ಟಳು. ಕರಿಕಾಯಿಯವರು ಹುಬ್ಬು ಗಂಟಿಕ್ಕಿ ಬಹಳ ಯೋಚಿಸಿದವರಂತೆ ಮಾಡಿ, ರಾಣಿಯನ್ನು ಎತ್ತಿ, ಸೋಲುವ ಮನೆಯಲ್ಲೇ ಜೋಪಾನವಾಗಿ ಇಟ್ಟರು.