ಜಿಂಕೆಗಳನ್ನು ಬಿಟ್ಟರೋ ಇಲ್ಲವೋ

ನಾನು ಒಂದು ಕಡತ. ಈಗಿನವರು ಕಚೇರಿಯ ಫೈಲಿಗೆ ನನ್ನ ಹೆಸರಿಟ್ಟುಕೊಂಡಿದ್ದಾರೆ, ಇರಲಿ. ಹಳೇ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದಾಗ ಹುಟ್ಟಿದೆ. ಬಳಪದಲ್ಲಿ ಬರೆಯಬೇಕು, ತಪ್ಪಾದರೆ ಒರೆಸಬೇಕು. ಓಲೆಗರಿಗೆ ಹೋಗುವ ಮೊದಲು ಕವಿಗಳ ಮಾನ ಉಳಿಸುವುದು ನಾನೇ.

ನನ್ನ ಒಡೆಯ ಪಾಯಣ್ಣ, ಬಸದಿಯ ಓಣಿಯವನು. ತೀರ್ಥಂಕರ ನೇಮಿಸ್ವಾಮಿಯ ಪುರಾಣ ಬರೆಯಲು ಕೂತ. ಯಾವ ಛಂದಸ್ಸು ಎಂದು ಎರಡು ತಿಂಗಳು ತಲೆ ಕೆಡಿಸಿಕೊಂಡ. "ಸಾಂಗತ್ಯದಲ್ಲಿ ಬರಿಯೋ, ನಾವೂ ಹಾಡ್ಕೋತೀವಿ" ಎಂದಳು ತಾಯಿ ನಾಗಲವ್ವ. ಅವನ ಲೆಕ್ಕದಲ್ಲಿ ಅದು ಭತ್ತ ಕುಟ್ಟುವ ಹೆಂಗಸರ ಮಟ್ಟು. ಮಠದ ಪಂಡಿತರು ತಲೆದೂಗಬೇಕಲ್ಲ! ಸಂಸ್ಕೃತದ ಗತ್ತಿನ ವೃತ್ತಗಳನ್ನೇ ಹಿಡಿದ. ಉದ್ದುದ್ದ ಸಮಾಸಗಳ ಭಾರಕ್ಕೆ ನನ್ನ ಬೆನ್ನೇ ಬಾಗಿತು.

ನಾಲ್ಕನೇ ವರ್ಷ ನಾಗಲವ್ವ ಉಪವಾಸವಿದ್ದು ದೇಹ ಬಿಡುವ ಸಲ್ಲೇಖನ ವ್ರತ ಹಿಡಿದಳು. ಅನ್ನ ಬಿಟ್ಟಳು, ಕೊನೆಗೆ ಬರೀ ನೀರಿನ ಮೇಲೆ ಉಳಿದಳು. ಅಂಥವರ ಕಿವಿಗೆ ಸ್ವಾಮಿಯ ಕಥೆ ಬೀಳುತ್ತಿರಬೇಕು. ಪಾಯಣ್ಣ ನನ್ನನ್ನು ಬಿಡಿಸಿ ಹಿಡಿದು ಓದಿದ. ಮದುವೆಗೆ ಹೊರಟ ನೇಮಿ, ಔತಣಕ್ಕೆಂದು ಕೂಡಿಹಾಕಿದ ಜಿಂಕೆಗಳ ಅಳು ಕೇಳಿ, ಅವನ್ನು ಬಿಡಿಸಿ, ಎಲ್ಲ ತೊರೆದು ನಡೆದ ಭಾಗ. ಓದುತ್ತ ಅವನಿಗೇ ಕಣ್ಣೀರು ಬಂತು.

ಅವಳು ಕಷ್ಟಪಟ್ಟು ಕಣ್ಣು ತೆರೆದಳು. "ಜಿಂಕೆಗಳನ್ನ ಬಿಟ್ರೇನೋ?"

"ಬಿಟ್ರವ್ವಾ. ಈಗ ಓದಿದ್ದು ಅದೇ."

"ನೀನು ಹೇಳ್ತಿದ್ದೀಯ ಮಗಾ. ಪದ್ಯ ಹೇಳಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಒದ್ದೆ ಬಟ್ಟೆ ತಂದು ನನ್ನ ಮೇಲಿದ್ದ ವೃತ್ತಗಳನ್ನೆಲ್ಲ ಒರೆಸಿದ. ಅವಳ ಪಕ್ಕದಲ್ಲೇ ಕೂತು ಸಾಂಗತ್ಯ ಹಿಡಿದ. ಬರೆದ ಹಾಗೆ ಹಾಡುತ್ತಿದ್ದ; ಅವಳ ಬೆರಳು ಚಾಪೆಯ ಮೇಲೆ ತಾಳ ಹಾಕುತ್ತಿತ್ತು. ನನ್ನ ಆಯುಷ್ಯದಲ್ಲಿ ಸುಖವೆಂದರೆ ಆ ಮೂರು ದಿನವೇ. ನಾಲ್ಕನೇ ಬೆಳಗ್ಗೆ ನೇಮಿ ರಥದಿಂದ ಇಳಿದ, ದೊಡ್ಡಿಯ ಅಗುಳಿಗೆ ಕೈ ಹಾಕಿದ. ಅಷ್ಟರಲ್ಲಿ ಬೆರಳು ನಿಂತಿತು. ಪಾಯಣ್ಣನ ಬಳಪವೂ ನಿಂತಿತು.

ಆಮೇಲೆ ಅವನು ನನ್ನನ್ನು ಮುಟ್ಟಲಿಲ್ಲ. ಬಸದಿಯ ಪೆಟ್ಟಿಗೆ, ಯಾರದೋ ಮನೆಯ ಅಟ್ಟ, ಈಗ ಈ ಗಾಜಿನ ಕಪಾಟು. ನನ್ನ ಅಂಚನ್ನು ಜಿರಲೆ ತಿಂದಿದೆ. ನೋಡಲು ಬಂದವರು ಅಕ್ಷರ ಮುದ್ದಾಗಿದೆ ಎನ್ನುತ್ತಾರೆ. ಏನು ಮುದ್ದೋ, ಕಾಣೆ. ಬರೆದದ್ದನ್ನು ಒರೆಸಿಕೊಳ್ಳಲು ನನಗೆ ಬರುತ್ತದೆ, ಬರೆಯದೆ ಉಳಿದದ್ದನ್ನು ಬರೆದುಕೊಳ್ಳಲು ಬರುವುದಿಲ್ಲ. ನನ್ನ ಕೊನೆಯ ಮಡಿಕೆಯಲ್ಲಿ ಅಗುಳಿ ತೆಗೆದಿಲ್ಲ. ಜಿಂಕೆಗಳು ಇನ್ನೂ ಒಳಗೇ ಇವೆ.